ಹರಿಯದೇ ಉಳಿದ ಕರೆಚೀಟಿ

ಮೆಟ್ಟಿಲ ಕೆಳಗಿನ ಓಣಿ,
ನಮ್ಮದೇ ಮನೆ, ಅಡುಗೆಮನೆಯ ಮೇಜು.
ಮಾರ್ಚ್ ೧೬, ಭಾನುವಾರ, ಬೆಳಗ್ಗೆ.

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕ್ರೇನಿನ ಏಣಿ ಹತ್ತಿ ಇಳಿದು ನಿನ್ನ ಮಂಡಿ ಹಿಡಿದುಕೊಂಡಿದೆ ಎಂದು ನಿನ್ನ ಹಳೆಯ ದೋಸ್ತ್, ಕ್ಷೌರದಂಗಡಿಯವನು ಹೇಳಿದ. ಯಾವ ಮಂಡಿ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಇಡೀ ಓಣಿಯ ತಲೆ ಅವನ ಕೈಯಲ್ಲಿದೆ, ಒಂದು ಮಂಡಿಯ ಸುದ್ದಿಯನ್ನು ನೆಟ್ಟಗೆ ತರಲು ಆಗಲಿಲ್ಲ ಮಹಾನುಭಾವನಿಗೆ! ಬಂದರಿನಲ್ಲಿ ಅಷ್ಟೆತ್ತರದ ಗೂಡಿನಲ್ಲಿ ಕೂತರೆ ಗಾಳಿ ಕಿವಿಗೆ ನುಗ್ಗುತ್ತದಂತೆ. ಏನಾದರೂ ಕಟ್ಟಿಕೋ, ಶೋಕಿ ಮಾಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಈಗಲೂ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕುತ್ತೀಯಾ? ಹಾಕುತ್ತಿದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸು. ಇದನ್ನು ತಂಗಿಯಾಗಿ ಹೇಳುತ್ತಿಲ್ಲ, ಅಷ್ಟಿಷ್ಟು ಓದಿಕೊಂಡವಳಾಗಿ ಹೇಳುತ್ತಿದ್ದೇನೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಪ್ಪನಿಗೆ ಹೊಸ ಹಲ್ಲುಸೆಟ್ಟು ಬಂದಿದೆ, ಊಟಕ್ಕೆ ಹಾಕಿಕೊಳ್ಳುತ್ತಾನೆ, ಬಯ್ಯುವಾಗ ತೆಗೆದಿಡುತ್ತಾನೆ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೂ ಎತ್ತುತ್ತಿರಲಿಲ್ಲ. ಅದಕ್ಕೇ ಈ ಪತ್ರ. ಅರ್ಧ ಓದಿ ಮುದುಡಿ ಎಸೆದುಬಿಡುತ್ತೀಯೋ ಎಂಬ ಹೆದರಿಕೆಗೆ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಮ್ಮನ ಕರೆಚೀಟಿ ನಮ್ಮ ಮನೆಗೆ ಬಂದೇ ಇರಲಿಲ್ಲ. ನೀನು ಹೇಳಿದ್ದು ನಿಜ. ಹನ್ನೊಂದು ವರ್ಷ ನಾವಿಬ್ಬರೂ, ಅಪ್ಪ ಮತ್ತು ನಾನು, ನಿನ್ನನ್ನು ಕೊಲೆಗಾರನಂತೆ ಕಂಡೆವು. ನಿಜವಾಗಿ ಹಾಗೆ ಕಾಣಬೇಕಾಗಿದ್ದವನನ್ನು ನಾನು ಪತ್ತೆ ಮಾಡಿದ್ದೇನೆ, ಅವನ ಬೆವರನ್ನೂ ಇಳಿಸಿದ್ದೇನೆ. ಹೇಗೆ ಅಂತ ಹೇಳದೆ ಇದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ, ಆದ್ದರಿಂದ ಕೂತು ಓದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಹಿಸಿಕೋ. ಅಮ್ಮ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಕೆಮ್ಮು ಮೂರು ವಾರವಾದರೂ ಬಿಡದಿದ್ದಾಗ ನೀನೇ ಅವಳನ್ನು ಮೇಲಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ನೂರಾ ಹನ್ನೆರಡು ಮೆಟ್ಟಿಲು, ನಾಲ್ಕು ಕಡೆ ಕೂರಿಸಿ, ನೀರು ಕುಡಿಸಿ. ಕಫ ತೆಗೆದುಕೊಂಡರು. ‘ಕರೆಚೀಟಿ ಯಾರ ಹೆಸರಿಗೆ?’ ಎಂದು ಕೇಳಿದಾಗ ಅಮ್ಮ ನಿನ್ನ ಹೆಸರು ಹೇಳಿದಳು. ಮನೆಯಲ್ಲಿ ಓದು ಬರಹ ಬಲ್ಲ ದೊಡ್ಡವನು ನೀನೊಬ್ಬನೇ. ಪರೀಕ್ಷೆಯಲ್ಲಿ ರೋಗ ಕಂಡರೆ ಕೇಂದ್ರದಿಂದ ಕರೆಚೀಟಿ ಮನೆಗೆ ಬರುತ್ತದೆ, ಕಾಣದಿದ್ದರೆ ಏನೂ ಬರುವುದಿಲ್ಲ, ಇದು ಅಲ್ಲಿನ ಪದ್ಧತಿ. ನಮ್ಮ ಓಣಿ ಇದನ್ನು ಎಷ್ಟು ನಂಬಿತ್ತೆಂದರೆ, ಹದಿನೈದು ದಿನ ಚೀಟಿ ಬಾರದಿದ್ದರೆ ಅಕ್ಕಪಕ್ಕದವರು ಬಂದು ‘ಗೆದ್ದೆ ಬಿಡು’ ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಅಮ್ಮನ ಬೆನ್ನನ್ನೂ ತಟ್ಟಿದರು. ಅವಳು ಆ ದಿನ ತಲೆ ಬಾಚಿ ಹೊಸ ಸೀರೆ ಉಟ್ಟಿದ್ದು ನೆನಪಿದೆಯಾ? ಆದರೂ ನಿನಗೆ ಸಮಾಧಾನವಿಲ್ಲದೆ ಎರಡು ಸಲ ಹತ್ತಿ ಹೋಗಿ ಕೇಳಿದೆ. ಕಿಟಕಿಯಲ್ಲಿದ್ದವನು ‘ಇದ್ರೆ ಚೀಟಿ ಬರತ್ತೆ, ಸುಮ್ನೆ ಮನೇಲಿರಿ’ ಅಂದು ಕಿಟಕಿ ಹಾಕಿದ. ಕೆಮ್ಮಿಗೆ ಲಾಂಡ್ರಿಯ ಹಬೆಯೇ ಕಾರಣ ಎಂದುಕೊಂಡು ಐದು ತಿಂಗಳು ಕಳೆದೆವು. ಆರು ತಿಂಗಳ ಮಾತ್ರೆಯಲ್ಲಿ ಹೋಗುವ ರೋಗ ಅದು, ಅಣ್ಣಾ. ಈಗ ಅದರ ಬಗ್ಗೆ ನಾನು ಪರೀಕ್ಷೆ ಬರೆದು ಪಾಸಾಗಿದ್ದೇನೆ.

ಅಮ್ಮ ಹೋದ ದಿನ ಆಸ್ಪತ್ರೆಯ ಮೊಗಸಾಲೆಗೆ ಆರೋಗ್ಯ ಕೇಂದ್ರದ ಡಾಕ್ಟರು ಬಂದ. ಬಿಳಿ ಬೂಟು. ಓಣಿಯಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಧೂಳು ತಾಗದ ಬೂಟು ಹಾಕಿಕೊಂಡು ಓಡಾಡುವ ಇನ್ನೊಬ್ಬನನ್ನು ನಾವು ನೋಡಿರಲಿಲ್ಲ. (ಅವನಿಗೆ ‘ಅವರು’ ಎಂದು ಬರೆಯಲು ನನ್ನ ಪೆನ್ನು ಒಪ್ಪುವುದಿಲ್ಲ, ಕ್ಷಮಿಸು.) ರಿಜಿಸ್ಟರು ತೆಗೆದು, ಬೆರಳಿಟ್ಟು, ಅಪ್ಪನಿಗೆ ಹೇಳಿದ: ‘ನೋಡಿ, ನಿಮ್ಮ ಮಗನ ಹೆಸರಿಗೇ ಚೀಟಿ ಕಳ್ಸಿದೀವಿ. ಒಂದು ಸಲ ಬಂದಿದ್ರೆ ಆಕೆ ಉಳೀತಿದ್ರು. ನಿಮ್ ಜನಾನೇ ಹೀಗೆ, ಕರೆದ್ರೂ ಬರಲ್ಲ.’ ಅಪ್ಪನಿಗೆ ಓದಲು ಬಾರದು. ಆದರೆ ಕೆಂಪು ಶಾಯಿಯಲ್ಲಿ ಏನೋ ಬರೆದಿರುವುದು ಕಂಡಿತು. ಅಷ್ಟು ಸಾಕಾಯಿತು. ನೀನು ಆಣೆ ಇಟ್ಟೆ, ಕಾಲು ಹಿಡಿದೆ. ‘ಡಾಕ್ಟರು ಸುಳ್ಳು ಹೇಳ್ತಾರೇನೋ? ಬರೆದಿಟ್ಟಿರೋದು ಸುಳ್ಳೇನೋ?’ ಎಂದು ಅಪ್ಪ ನಿನ್ನ ಕೆನ್ನೆಗೆ ಬಾರಿಸಿದ.

ನಾನೇನು ಮಾಡಿದೆ ಅಂತ ನಿನಗೆ ಚೆನ್ನಾಗಿ ನೆನಪಿದೆ, ನಾನೂ ಮರೆತಿಲ್ಲ. ಹದಿನಾಲ್ಕು ವರ್ಷದ ಹುಡುಗಿ, ನಿನ್ನ ಟ್ರಂಕನ್ನು ನಿನ್ನೆದುರಿಗೇ ನೆಲಕ್ಕೆ ಸುರಿದು ಆ ಚೀಟಿ ಹುಡುಕಿದೆ. ನಿನ್ನ ಪ್ಯಾಂಟಿನ ಜೇಬು ಒಂದೊಂದನ್ನೂ ಹೊರಗೆಳೆದೆ. ಸಿಗದಿದ್ದಾಗ ‘ಎಲ್ಲಿ ಎಸೆದೆ ಹೇಳು’ ಎಂದು ಕಿರುಚಿದೆ. ಅಪ್ಪ ಹುಡುಕು ಅಂದಿರಲಿಲ್ಲ, ಅಣ್ಣಾ. ನಾನಾಗಿಯೇ ಮಾಡಿದ್ದು. ನೀನು ಬಟ್ಟೆಯನ್ನೆಲ್ಲ ಮತ್ತೆ ಮಡಚಿ ಅದೇ ಟ್ರಂಕಿಗೆ ತುಂಬಿಕೊಂಡು ಹೊರಟೆ. ನನಗೆ ನೀನು ಪಿಟೀಲು ಅಂತ ಹೆಸರಿಟ್ಟಿದ್ದೆಯಲ್ಲ, ಚಿಕ್ಕಂದಿನಲ್ಲಿ ಎಲ್ಲದಕ್ಕೂ ರಾಗ ಎಳೆಯುತ್ತಿದ್ದೆನೆಂದು? ಆ ದಿನದಿಂದ ಯಾರೂ ನನ್ನನ್ನು ಹಾಗೆ ಕರೆದಿಲ್ಲ. ಕ್ಷಮಿಸು ಅನ್ನುವ ಮಾತು ಇದಕ್ಕೆ ತೀರಾ ಚಿಕ್ಕದು. ಆದರೂ ಕೇಳುತ್ತಿದ್ದೇನೆ.

ನಿನ್ನ ಮೇಲಿನ ಸಿಟ್ಟು ನನಗೆ ಎರಡು ಮೂರು ವರ್ಷ ಬಾಳಿತು. ಆಮೇಲೆ ಒಂದು ಅನುಮಾನ ಹುಳದ ಹಾಗೆ ಕೊರೆಯತೊಡಗಿತು. ಓಣಿಯಲ್ಲಿ ಯಾರನ್ನು ಕೇಳಿದರೂ ‘ನಮಗೂ ಚೀಟಿ ಬಂದಿರ್ಲಿಲ್ಲ, ಆದ್ರೂ ನಮ್ಮವರು ಹೋಗ್ಬಿಟ್ರು’ ಅನ್ನುವವರೇ. ಒಬ್ಬಿಬ್ಬರಲ್ಲ. ಒಂದು ಓಣಿಯಲ್ಲಿ ಅಷ್ಟು ಜನ ಚೀಟಿ ಕಳೆದುಕೊಳ್ಳಲು ಸಾಧ್ಯವೇ? ಪದವಿ ಮುಗಿದ ಮೇಲೆ ಸಾರ್ವಜನಿಕ ಆರೋಗ್ಯದಲ್ಲಿ ಸಂಶೋಧನೆಗೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಈ ವಿಷಯವೇ ಯಾಕೆ ಎಂದು ಕೇಳಿದರು. ‘ಸಮುದಾಯದ ಸೇವೆ’ ಅಂದೆ, ಮುಖದಲ್ಲಿ ಬೆಣ್ಣೆ ಕರಗುವ ಹಾಗೆ. ಒಳಗೆ ಇದ್ದದ್ದು ಬೇರೆ. ಆ ರಿಜಿಸ್ಟರು ಒಂದು ಸಲ ನನ್ನ ಕೈಗೆ ಸಿಗಬೇಕು, ಅದರಲ್ಲಿ ಅವನ ಜನ್ಮ ಜಾಲಾಡಬೇಕು, ಅಷ್ಟೇ. ಪಕ್ಕದ ಕುರ್ಚಿಯ ಹುಡುಗಿ ನಿಜವಾಗಿಯೂ ಸೇವೆಗೆ ಬಂದಿದ್ದಳು, ಪಾಪ. ಅವಳ ಪಕ್ಕ ಕೂತು ನಾನು ಎರಡು ವರ್ಷ ಹಲ್ಲು ಕಡಿಯುತ್ತಾ ಅಂಕಿಸಂಖ್ಯೆ ಕಲಿತೆ.

ಮೊದಲ ವರ್ಷವೇ ಗ್ರಂಥಾಲಯದಲ್ಲಿ ಅವನ ಲೇಖನ ಸಿಕ್ಕಿತು. ಹೌದು, ಬಿಳಿ ಬೂಟು ಲೇಖನ ಬರೆದಿದ್ದಾನೆ! ‘ಮೆಟ್ಟಿಲ ಕೆಳಗಿನ ವಸತಿಯಲ್ಲಿ ಚಿಕಿತ್ಸೆಗೆ ಅಸಹಕಾರ’ ಅಂತ ತಲೆಬರಹ. ಕರೆಚೀಟಿ ಕಳುಹಿಸಿದರೂ ಆ ಜನ ಬರುವುದಿಲ್ಲ, ಅವರಿಗೆ ಆರೋಗ್ಯದ ಅರಿವಿಲ್ಲ, ಅವರ ಮೇಲೆ ಸಮಯ ಹಾಕುವುದು ವ್ಯರ್ಥ ಎಂದು ನಾಜೂಕಾದ ಮಾತಿನಲ್ಲಿ ಬರೆದು, ಒಂದು ನಕ್ಷೆ ಹಾಕಿದ್ದ. ‘ಬರಲಿಲ್ಲ’ ಎಂದು ಬರೆಸಿಕೊಂಡವರೆಲ್ಲ ಅದರಲ್ಲಿ ಒಂದೊಂದು ಚುಕ್ಕಿ. ಅಮ್ಮನೂ ಅದರಲ್ಲಿ ಎಲ್ಲೋ ಒಂದು ಚುಕ್ಕಿ. ಆ ಲೇಖನ ಓದಿ ದೊಡ್ಡವರು ಮೆಚ್ಚಿದರು, ಅವನು ಏರಿದ, ಏರಿ ಏರಿ ಈಗ ಇಡೀ ಆರೋಗ್ಯ ಇಲಾಖೆಯ ಮುಖ್ಯಸ್ಥ. ನಮ್ಮ ಹೆಣಗಳ ಮೇಲೆ ಹತ್ತಿ ಹೋದ. ಆ ಪುಟದ ನೆರಳಚ್ಚು ತೆಗೆದು ಹಾಸ್ಟೆಲಿನ ಗೋಡೆಗೆ ಅಂಟಿಸಿಕೊಂಡೆ. ದಿನಾ ಬೆಳಗ್ಗೆ ಹಲ್ಲುಜ್ಜುವಾಗ ಅದನ್ನು ನೋಡುವುದು ನನ್ನ ವ್ಯಾಯಾಮ.

ನನ್ನ ಗೈಡ್ ಮೇಡಮ್ ಬಗ್ಗೆ ಹೇಳಬೇಕು. ಗಿಡ್ಡಗೆ, ಯಾವಾಗಲೂ ಶೀತ, ಕೈಯಲ್ಲಿ ಕರವಸ್ತ್ರ. ನನ್ನ ಮೊದಲ ಕರಡು ಓದಿ ಮೂಗೊರೆಸಿಕೊಂಡು ಹೇಳಿದರು: ‘ಇದು ಪ್ರಬಂಧ ಅಲ್ಲ ಕಣೆ, ಶಾಪ. ಸಿಟ್ಟು ಇರ್ಲಿ, ನನಗೂ ಇದೆ. ಅದನ್ನ ಕೋಷ್ಟಕಕ್ಕೆ ಹಾಕು, ಆಗ ಯಾರೂ ಅಳಿಸೋಕಾಗಲ್ಲ.’ ಸಮಾನತೆ ಅಂದರೆ ಎಲ್ಲರಿಗೂ ಒಂದೇ ಮಾತ್ರೆ ಎಂದು ನಾನು ತಿಳಿದಿದ್ದೆ. ಮೆಟ್ಟಿಲು ಯಾರು ಹತ್ತಬೇಕು, ಯಾರು ಇಳಿಯಬೇಕು, ಇದನ್ನು ತೀರ್ಮಾನ ಮಾಡಿದವರು ಯಾರು, ಅದನ್ನು ಹುಡುಕು ಅಂದರು. ಅಮ್ಮನ ವಿಷಯ ಮುಚ್ಚಿಡದೆ ಹೇಳಿದೆ. ‘ಮೊದಲನೇ ಪುಟದಲ್ಲೇ ಬರಿ, ಈ ಓಣಿ ನನ್ನದು, ಸತ್ತವರಲ್ಲಿ ನನ್ನ ತಾಯಿ ಇದ್ದಾರೆ ಅಂತ. ಆದ್ರೆ ಅವರ ಚೀಟಿ ನಿನ್ನ ಎಣಿಕೆಯಲ್ಲಿ ಬರಕೂಡದು’ ಅಂದರು. ಮೂರು ದಿನ ಅವರ ಜೊತೆ ಮಾತು ಬಿಟ್ಟೆ. ಆಮೇಲೆ ಅವರು ಹೇಳಿದ ಹಾಗೇ ಮಾಡಿದೆ. ಅಮ್ಮನಿಲ್ಲದೆಯೂ ಎಣಿಕೆ ಎಂಬತ್ತಾರಕ್ಕೆ ನಿಂತಿತು.

ಎಂಬತ್ತಾರು ಸಿಕ್ಕಿದ್ದು ಹೇಗೆಂದರೆ, ಚೀಟಿ ಅಕ್ಕನಿಂದ. ಹಳದಿ ಚೀಲ ತೂಗಿಕೊಂಡು ಮನೆಮನೆಗೆ ಕರೆಚೀಟಿ ಕೊಡುತ್ತಿದ್ದಳಲ್ಲ, ಅವಳೇ. ಈಗ ನಿವೃತ್ತಿಯಾಗಿ ಮೇಲಿನ ಬೀದಿಯಲ್ಲಿದ್ದಾಳೆ, ಎರಡು ಮೊಣಕಾಲಿಗೂ ಪಟ್ಟಿ. ನಾನು ರೆಕಾರ್ಡರು ಮೇಜಿನ ಮೇಲಿಟ್ಟು ಕೇಳಿದೆ. ಅವಳು ಚಹಾ ಸೋಸುತ್ತಾ ಹೇಳಿದಳು: ‘ಮೊದಮೊದಲು ಇಳೀತಿದ್ದೆ ಕಣಮ್ಮಾ. ಆಮೇಲೆ ಡಾಕ್ಟರು, ಕೆಳಗಿಳಿದು ಟೈಮ್ ಯಾಕೆ ಹಾಳ್ಮಾಡ್ತೀಯ, ಬೇಕಿದ್ರೆ ಅವ್ರೇ ಹತ್ತಿ ಬರ್ತಾರೆ ಅಂದ್ರು. ನಾನು ಮೆಟ್ಟಿಲ ತುದೀಲಿ ನಿಂತು ವಾಪಸ್ ಬಂದ್ಬಿಡ್ತಿದ್ದೆ. ರಿಜಿಸ್ಟರಲ್ಲಿ ಕಳುಹಿಸಿದೆ ಅಂತ ಅವ್ರೇ ಬರ್ಕೋತಿದ್ರು.’ ಸಂದರ್ಶನ ಮಾಡುವವರು ಮುಖದಲ್ಲಿ ಏನನ್ನೂ ತೋರಿಸಕೂಡದು, ವಾದ ಮಾಡಕೂಡದು ಎಂದು ನಮಗೆ ಒಂದು ತಿಂಗಳು ತರಬೇತಿ ಕೊಟ್ಟಿದ್ದಾರೆ. ನಾನು ‘ಹ್ಞೂಂ, ಆಮೇಲೆ?’ ಅಂದೆ. ಅಣ್ಣಾ, ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಎರಡು ಶಬ್ದ ನಾನು ಆಡಿಲ್ಲ. ಕೈಯಲ್ಲಿದ್ದ ಲೋಟವನ್ನು ಅವಳ ಗೋಡೆಗೆ ಎಸೆಯಬೇಕೆನ್ನಿಸಿತ್ತು. ಕೊಡದ ಚೀಟಿ ಏನು ಮಾಡಿದಿರಿ ಎಂದು ಕೇಳಿದೆ. ‘ಎಸೆಯೋಕೆ ಮನಸ್ಸು ಬರ್ಲಿಲ್ಲ. ಪುಸ್ತಕದಿಂದ ಹರೀಲೇ ಇಲ್ಲ. ಅಲ್ಲೇ ಇರ್ಬೇಕು ನೋಡು, ಉಗ್ರಾಣದಲ್ಲಿ.’ ಅವಳು ಅಳಲಿಲ್ಲ, ತಪ್ಪಾಯಿತು ಎನ್ನಲಿಲ್ಲ, ಇನ್ನೊಂದು ಬಿಸ್ಕತ್ತು ತಗೋ ಅಂದಳು. ಅವಳ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು.

ಅನುಮತಿ ಪತ್ರ ಹಿಡಿದುಕೊಂಡು ಆರೋಗ್ಯ ಕೇಂದ್ರದ ಉಗ್ರಾಣಕ್ಕೆ ಹೋದೆ. ಮುರಿದ ತೂಕದ ಯಂತ್ರದ ಹಿಂದೆ ಚೀಟಿ ಪುಸ್ತಕಗಳ ಕಟ್ಟು. ಪ್ರತಿ ಹಾಳೆಗೂ ಎರಡು ಭಾಗ, ನಡುವೆ ಸಣ್ಣ ತೂತಿನ ಸಾಲು. ಎಡಭಾಗ ಪುಸ್ತಕದಲ್ಲೇ ಉಳಿಯಬೇಕು, ಬಲಭಾಗ ಹರಿದು ಮನೆಗೆ ಹೋಗಬೇಕು. ತೆರೆದು ನೋಡುವುದೇ ಬೇಕಿರಲಿಲ್ಲ. ಮೇಲಿನ ಬೀದಿಗಳ ಪುಸ್ತಕ ಬಲಗಡೆ ಬೋಳು ಬೋಳು, ತೆಳ್ಳಗೆ. ನಮ್ಮ ಓಣಿಯದು ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ದಪ್ಪಗೆ, ನಾಲ್ಕು ಮೂಲೆಯೂ ಚೊಕ್ಕ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಫ, ಹೆಂಗಸರ ಪರೀಕ್ಷೆ; ಒಂದೊಂದರ ಮೇಲೂ ‘ಕೂಡಲೇ ಬರುವುದು’, ಕೆಳಗೆ ಬಿಳಿ ಬೂಟಿನ ಸಹಿ. ಅಮ್ಮನದು ಮೂರನೇ ಪುಸ್ತಕದಲ್ಲಿ ಸಿಕ್ಕಿತು. ನಿನ್ನ ಹೆಸರು ದುಂಡಗಿನ ಅಕ್ಷರದಲ್ಲಿ. ಆ ತೂತಿನ ಸಾಲಿನ ಮೇಲೆ ಬೆರಳಾಡಿಸಿದೆ, ಒಂದು ತೂತೂ ಹರಿದಿರಲಿಲ್ಲ. ನಿನ್ನ ಟ್ರಂಕು ನೆಲಕ್ಕೆ ಸುರಿದ ಸದ್ದು ಕೇಳಿದ ಹಾಗಾಗಿ ಅಲ್ಲೇ ತೂಕದ ಯಂತ್ರದ ಮೇಲೆ ಕೂತುಬಿಟ್ಟೆ.

ಅದೇ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಯಾರೂ ಓದದ ಸೂಚನೆಗಳಿದ್ದವು. ಏಳನೆಯದು ಹೀಗಿತ್ತು: ‘ವಿಲೇವಾರಿಯಾಗದೆ ಉಳಿದ ಚೀಟಿಯನ್ನು, ಅದಕ್ಕೆ ಸಹಿ ಮಾಡಿದ ಅಧಿಕಾರಿಯೇ ಸ್ವಹಸ್ತದಿಂದ ಹರಿದು ಕೊಡತಕ್ಕದ್ದು, ಮತ್ತು ರಿಜಿಸ್ಟರಿನ ಷರಾ ತಿದ್ದಿ ಸಹಿ ಮಾಡತಕ್ಕದ್ದು. ಚೀಟಿ ಯಾರ ಹೆಸರಿಗಿದೆಯೋ ಅವರೇ ಖುದ್ದಾಗಿ ಪಡೆಯತಕ್ಕದ್ದು. ಅವರು ಮೃತರಾಗಿದ್ದರೆ ವಾರಸುದಾರರು.’ ಖೋಟಾ ಆಗಬಾರದೆಂದು ಯಾವುದೋ ಕಾಲದಲ್ಲಿ ಮಾಡಿದ ನಿಯಮ. ಓದಿ ನಾನು ಒಬ್ಬಳೇ ನಕ್ಕೆ. ಪ್ರಬಂಧದಲ್ಲಿ ಯಾರ ಹೆಸರೂ ಹಾಕುವಂತಿಲ್ಲ ಎಂದು ಮೇಡಮ್ ನನ್ನ ಕೈ ಕಟ್ಟಿದ್ದರು. ಅವನ ಹೆಸರು ಗುಟ್ಟಾಗಿರಬೇಕು, ನಿನ್ನ ಹೆಸರು ಮಾತ್ರ ಹನ್ನೊಂದು ವರ್ಷ ಬೀದಿಪಾಲಾಗಿರಬಹುದು, ಇದ್ಯಾವ ನ್ಯಾಯ ಎಂದು ನಾನು ಕುದಿಯುತ್ತಿದ್ದೆ. ಈಗ ಹೆಸರೇ ಬೇಕಾಗಿರಲಿಲ್ಲ. ಅವನ ಕೈ ಸಾಕಿತ್ತು.

ಫಲಿತಾಂಶವನ್ನು ಮೊದಲು ಜನರಿಗೆ ಹೇಳಬೇಕು, ಆಮೇಲೆ ಪದವಿ, ಇದು ಮೇಡಮ್ ಕಡ್ಡಾಯ ಮಾಡಿದ ಕ್ರಮ. ಎರಡು ಭಾನುವಾರದ ಹಿಂದೆ ಲಾಂಡ್ರಿಯ ಬಟ್ಟೆ ಒಣಗಿಸುವ ಅಂಗಳದಲ್ಲಿ ಸಭೆ ಇಟ್ಟೆವು. ಮುಖ್ಯ ಅತಿಥಿ ಯಾರು ಹೇಳು? ಈ ತಿಂಗಳ ಕೊನೆಗೆ ಅವನ ನಿವೃತ್ತಿ; ಯಾರು ಮೈಕು ಕೊಟ್ಟರೂ ಹೋಗಿ ಭಾಷಣ ಬಿಗಿಯುತ್ತಿದ್ದಾನೆ. ‘ಆರೋಗ್ಯ ಸಮಾನತೆ’ ಎಂದು ಕಾರ್ಡಿನಲ್ಲಿ ನೋಡಿ ಖುಷಿಯಿಂದ ಒಪ್ಪಿಕೊಂಡನಂತೆ. ನೂರಾ ಹನ್ನೆರಡು ಮೆಟ್ಟಿಲನ್ನೂ ಇಳಿದು ಬಂದ, ಕಂಬಿ ಹಿಡಿದುಕೊಂಡು, ಏದುಸಿರು ಬಿಡುತ್ತಾ. ಬೂಟು ಈಗಲೂ ಬಿಳಿಯೇ. ಕೆಳಗೆ ಬರುವಷ್ಟರಲ್ಲಿ ಬಿಳಿಯಾಗಿ ಉಳಿದಿರಲಿಲ್ಲ. ಹಿಂದಿನ ದಿನ ಪೈಪು ಒಡೆದು ಕೊನೆಯ ಮೆಟ್ಟಿಲ ಬಳಿ ಕೆಸರಾಗಿತ್ತು. ಒರೆಸಿಡೋಣ ಎಂದು ಮೇಡಮ್ ಹೇಳಿದ್ದರು, ನಾನು ಮರೆತೆ. ಮರೆತೆ ಎಂದೇ ಇಟ್ಟುಕೋ.

ಗೋಡೆಯ ಮೇಲೆ ಎರಡೂ ಪುಸ್ತಕಗಳ ಚಿತ್ರ ಅಕ್ಕಪಕ್ಕ ತೋರಿಸಿದೆ, ಹೆಸರು, ಸಹಿ ಎಲ್ಲ ಕಪ್ಪು ಮಾಡಿ. ನನ್ನ ಧ್ವನಿ ಒಂದು ಸಲವೂ ನಡುಗಲಿಲ್ಲ, ನೀನಿದ್ದಿದ್ದರೆ ಭೇಷ್ ಅನ್ನುತ್ತಿದ್ದೆ. ‘ಎಂಬತ್ತಾರು ಜನ ಬರಲಿಲ್ಲ ಎಂದು ದಾಖಲೆಯಿದೆ. ಎಂಬತ್ತಾರು ಜನರನ್ನೂ ಕರೆದೇ ಇರಲಿಲ್ಲ.’ ಇಸ್ತ್ರಿ ವಿಭಾಗದ ಮುದುಕಿಯೊಬ್ಬಳು ‘ಅಯ್ಯೋ, ನಮ್ಮ ಯಜಮಾನ್ರಿಗೆ ಏನೂ ಇಲ್ಲ ಅಂತ ನಾನು ಎಲ್ಲರಿಗೂ ಬಾಯಿ ಸಿಹಿ ಮಾಡ್ಸಿದ್ನಲ್ಲಾ’ ಎಂದು ಎದೆಗೆ ಹೊಡೆದುಕೊಂಡಳು. ಬಿಳಿ ಬೂಟು ಎದ್ದು ‘ಹಳೇ ಕಾಲದ ಆಡಳಿತ ಲೋಪ, ವಿಷಾದನೀಯ’ ಅಂದ. ಆಗ ನಾನು ಏಳನೇ ಸೂಚನೆ ಓದಿ, ಇವರಿಗೆಲ್ಲ ಅವರವರ ಚೀಟಿ ಕೊಡಿಸುತ್ತೀರಾ ಎಂದು ಬಲು ವಿನಯದಿಂದ ಕೇಳಿದೆ. ನಾಲ್ಕು ಜನ ಬಂದಾರು ಎಂದುಕೊಂಡನೋ ಏನೋ, ‘ಅಷ್ಟೇ ತಾನೇ? ಮುಂದಿನ ಸೋಮವಾರ ಬನ್ನಿ, ನಾನೇ ಕೊಡ್ತೀನಿ’ ಎಂದು ಮೈಕಿನಲ್ಲೇ ಹೇಳಿಬಿಟ್ಟ.

ಓಣಿ ಬಿಟ್ಟು ಹೋದವರನ್ನು ಕಳೆದು ಎಪ್ಪತ್ತೊಂದು ಮನೆಯವರು ಹೋದರು, ಅಣ್ಣಾ. ಲಾಂಡ್ರಿಗೆ ಎರಡು ದಿನ ಬೀಗ. ಸಾಲು ಅವನ ಕಚೇರಿಯ ಬಾಗಿಲಿನಿಂದ ಗೇಟು ದಾಟಿ ರಸ್ತೆಗೆ ಬಂದಿತ್ತು. ಮೊದಲು ಹೋದವಳು ಅದೇ ಮುದುಕಿ. ಮೇಜಿನ ಮುಂದೆ ನಿಂತು ‘ಕರೆದಿದ್ರಂತೆ, ಬಂದಿದೀನಿ’ ಅಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನವರೆಲ್ಲ ಅದನ್ನೇ ಹಿಡಿದುಕೊಂಡರು. ಒಬ್ಬೊಬ್ಬರಾಗಿ ಬಂದು, ‘ಕರೆದಿದ್ರಂತೆ, ಬಂದಿದೀವಿ.’ ಅವನು ಸ್ಟೀಲಿನ ಸ್ಕೇಲು ಇಟ್ಟು ಹರಿಯಬೇಕು, ಕೊಡಬೇಕು, ರಿಜಿಸ್ಟರಿನಲ್ಲಿ ‘ಬರಲಿಲ್ಲ’ ಹೊಡೆದು ‘ಚೀಟಿ ತಲುಪಿಸಿರಲಿಲ್ಲ’ ಎಂದು ತನ್ನ ಕೈಯಾರೆ ಬರೆಯಬೇಕು, ಸಹಿ ಹಾಕಬೇಕು. ಹನ್ನೆರಡನೆಯವರ ಹೊತ್ತಿಗೆ ಸಹಾಯಕನನ್ನು ಕರೆದ. ನಾನು ಮೂಲೆಯ ಕುರ್ಚಿಯಿಂದ ಎದ್ದು ‘ಸ್ವಹಸ್ತದಿಂದ’ ಎಂದು ಓದಿ ಕೂತೆ. ಇಪ್ಪತ್ತನೆಯವರ ಹೊತ್ತಿಗೆ ನೀರು ಕೇಳಿದ. ಮೂವತ್ತರ ಹೊತ್ತಿಗೆ ಬೆರಳು ಒತ್ತಿಕೊಳ್ಳತೊಡಗಿದ. ನನಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಬರೆಯಲು ನಾಚಿಕೆಯಾಗಬೇಕು, ಆಗುತ್ತಿಲ್ಲ.

ಎರಡನೇ ದಿನ ಮಧ್ಯಾಹ್ನ ಅವನು ಹರಿಯುವ ಮುಂಚೆ ಚೀಟಿಗಳನ್ನು ಓದಲು ಶುರುಮಾಡಿದ. ಒಂದು ಮೂರು ವರ್ಷದ ಮಗುವಿನದಿತ್ತು. ಅದನ್ನು ಹಿಡಿದು ಬಹಳ ಹೊತ್ತು ಕೂತ, ಕನ್ನಡಕ ತೆಗೆದ, ಕಣ್ಣು ಒದ್ದೆಯಾಗಿತ್ತು. ನೋಡಿದವರೆಲ್ಲ ಕರಗಿದರು, ಮೇಡಮ್ ಕೂಡ. ನನಗೆ ಮಾತ್ರ ಇನ್ನಷ್ಟು ಉರಿಯಿತು. ಹನ್ನೊಂದು ವರ್ಷ ಆದ ಮೇಲೆ ಎರಡು ಹನಿ ಅತ್ತು ಹಗುರಾಗುವ ಸೌಕರ್ಯವನ್ನು ಅವನಿಗೆ ಕೊಟ್ಟವರು ಯಾರು? ಆ ಮಗುವಿನ ತಾಯಿ ‘ಹರೀರಿ ಡಾಕ್ಟ್ರೇ, ನಂಗೆ ಕೆಲಸ ಇದೆ’ ಅಂದಳು. ಅವಳ ಕಾಲಿಗೆ ಬೀಳಬೇಕೆನ್ನಿಸಿತು.

ಕೊನೆಗೆ ಅಪ್ಪ ನಿಂತಿದ್ದ. ಎರಡು ದಿನವೂ ಎಲ್ಲರನ್ನೂ ಮುಂದೆ ಬಿಟ್ಟು ಬಿಟ್ಟು ಹಿಂದೆ ಸರಿಯುತ್ತಿದ್ದ. ಮೇಜಿನ ಮುಂದೆ ಬಂದಾಗ ಬಿಳಿ ಬೂಟು ಪುಸ್ತಕ ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದ: ‘ಇದು ಮಗನ ಹೆಸರಿಗಿದೆ. ಅವರೇ ಬರಬೇಕು.’ ನಿಯಮ ನನ್ನದೇ. ಎರಡು ದಿನ ಅವನ ಕತ್ತಿನ ಮೇಲೆ ಹಿಡಿದಿದ್ದ ಚೂರಿ ತಿರುಗಿ ನಮ್ಮ ಕೈಯನ್ನೇ ಕೊಯ್ದಿತು. ನಾನು ಏನೋ ಹೇಳಲು ಎದ್ದೆ. ಅಷ್ಟರಲ್ಲಿ ಅಪ್ಪ, ತುಂಬಿದ ಕಚೇರಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಅಂದ: ‘ಅವನು ಮನೇಲಿಲ್ಲ, ಸ್ವಾಮಿ. ನಿಮ್ಮ ಮಾತು ಕೇಳಿ ನಾನೇ ಓಡಿಸ್ದೆ. ಬರ್ದಿದ್ದು ನೀವು, ಹೊಡ್ದಿದ್ದು ನಾನು.’ ಅಪ್ಪ ಒಬ್ಬನೇ ಮೆಟ್ಟಿಲಿಳಿದು ಮನೆಗೆ ಹೋದ. ಅಂದಿನಿಂದ ನನ್ನನ್ನು ಬಯ್ದಿಲ್ಲ, ಹಲ್ಲುಸೆಟ್ಟು ಬಾಯಲ್ಲೇ ಇದೆ. ನನಗದು ಭಯ.

ಈಗ ಆ ಪುಸ್ತಕದಲ್ಲಿ ಊರಿನಲ್ಲಿರುವವರ ಚೀಟಿಗಳೆಲ್ಲ ಹೋಗಿ, ನಿನ್ನದು ಉಳಿದಿದೆ. ರಿಜಿಸ್ಟರಿನಲ್ಲಿ ಅಮ್ಮನ ಹೆಸರಿನ ಮುಂದೆ, ನಿನ್ನ ಹೆಸರಿನ ಮುಂದೆ, ಈಗಲೂ ಕೆಂಪು ಶಾಯಿಯ ‘ಬರಲಿಲ್ಲ’. ಮೂವತ್ತೊಂದು, ಸೋಮವಾರ, ಅವನ ಕೊನೆಯ ದಿನ. ಆಮೇಲೆ ಸಹಿ ಮಾಡಿದ ಅಧಿಕಾರಿ ಇರುವುದಿಲ್ಲ, ಪುಸ್ತಕ ಕಟ್ಟಿ ಒಳಗಿಡುತ್ತಾರೆ, ಆ ಷರಾ ಹಾಗೇ ಉಳಿದುಬಿಡುತ್ತದೆ. ನಾನು ಪದವಿ ಪಡೆದರೂ, ಅದನ್ನು ಚೌಕಟ್ಟು ಹಾಕಿಸಿದರೂ, ಅದು ಅಲ್ಲೇ ಇರುತ್ತದೆ. ಬಾ ಎಂದು ಕರೆಯುವ ಹಕ್ಕು, ಟ್ರಂಕು ಸುರಿದವಳಿಗೆ ಇಲ್ಲ. ಆದರೆ ನನ್ನ ಸೇಡು ಇನ್ನೂ ಮುಗಿದಿಲ್ಲ, ಅದನ್ನು ಮುಗಿಸುವುದು ನಿನ್ನೊಬ್ಬನ ಕೈಯಲ್ಲಿದೆ. ನೀನು ಅವನ ಮುಂದೆ ಹೋಗಿ ನಿಲ್ಲುವುದನ್ನು ನಾನು ನೋಡಬೇಕು. ಏನೂ ಮಾತಾಡಬೇಡ ಬೇಕಾದರೆ. ಕೈ ಚಾಚಿದರೆ ಸಾಕು.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಬಂದರಿನ ನಿನ್ನ ಗೆಳೆಯರಿಗೆ ನನ್ನ ನಮಸ್ಕಾರ. ಇಷ್ಟು ವರ್ಷ ನಾವು ಮಾಡಬೇಕಾದ್ದನ್ನು ಅವರು ಮಾಡಿದ್ದಾರೆ. ಅಮ್ಮ ಇದ್ದಿದ್ದರೆ ನಿನ್ನ ತಲೆ ಸವರಿ ಏನು ಹರಸುತ್ತಿದ್ದಳೋ ಅದೆಲ್ಲ ನಿನಗಿರಲಿ.

ಇನ್ನೂ ನಿನ್ನವಳೇ ಎಂದುಕೊಂಡಿರುವ,
ಪಿಟೀಲು

ವಿ. ಸೂ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಪ್ಪನ ಬಸ್ಸಿಗೆ ಹೊತ್ತಾಯಿತು. ಈ ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೀನು ನೋಡಿರುತ್ತೀಯ. ಅಂಚೆಗೆ ಹಾಕೋಣ ಎಂದರೆ ಅಪ್ಪ ಕೇಳಲಿಲ್ಲ. ‘ಕಳ್ಸಿದೀವಿ ಅಂತ ಹೇಳ್ಕೊಂಡು ಕೂರೋದು ಸಾಕು, ನಾನೇ ಕೊಡ್ತೀನಿ’ ಅಂದ. ಬಂದರಿನ ಗೇಟಿನವನ ಕೈಯಲ್ಲಿ ಕೊಟ್ಟು ತಾನು ಹೊರಗೇ ನಿಲ್ಲುತ್ತಾನಂತೆ, ನಿನ್ನನ್ನು ಕರೆಯುವ ಮುಖ ತನಗಿಲ್ಲವಂತೆ. ನೀನು ಇದನ್ನು ಓದುತ್ತಿರುವ ಈ ಹೊತ್ತಿನಲ್ಲಿ ಅವನು ಅಲ್ಲೇ ಗೇಟಿನ ಹೊರಗೆ ನಿಂತಿದ್ದಾನೆ. ಹನ್ನೊಂದು ವರ್ಷವಾಯಿತಲ್ಲ, ನಿನ್ನ ಗುರುತು ಸಿಗದಿದ್ದರೆ ಏನು ಮಾಡಲಿ ಎಂದು ಬೆಳಗ್ಗೆಯಿಂದ ಹತ್ತು ಸಲ ಕೇಳಿದ್ದಾನೆ. ನೀನೇ ಮೊದಲು ಕೂಗು, ಅಣ್ಣಾ.